ಗೊರಕಿ ನಿಂತಾಗ

ಕೌಲ್ ಬಜಾರಿನ ಓಣಿಗೆಲ್ಲ ಗೊತ್ತು
ನಮ್ಮ ಹುಸೇನಪ್ಪನ ಗೊರಕಿ.
ಅದಿರಿನ ಲಾರಿ ಏರು ಹತ್ತಿದಂಗ ಅಂತಾಳ ಗೌಸಿಯಾ;
ಗಡದ್ದು ನಿದ್ದಿ, ಪುಣ್ಯಾತ್ಮ, ಅಂತ ನಗ್ತಾರ.

ನನಗ ಕೇಳಿಸೋದು ಗೊರಕಿ ಅಲ್ಲ,
ಅದು ನಿಂತದ್ದು.

ಹಗಲೆಲ್ಲ ಜೀನ್ಸಿನ ಅಂಚು ಮಡಚಿದ ಕೈ
ಕತ್ತಲಾಗ ಬೆರಳು ಮಡಚ್ತೈತಿ:
ಒಂದು, ಎರಡು… ಹದಿನೇಳು.
ಮಷಿನ್ನಿನ ದಾರ ಹರದಂಗ ಉಸಿರು.
ಇಪ್ಪತ್ತಕ್ಕ ಮೊಣಕೈಲೆ ತಿವೀತೀನಿ.
ಕಾಲುವಿಯೊಳಗಿಂದ ಎದ್ದವರಂಗ ಒಮ್ಮೆ ಗಾಳಿ ಎಳಕೊಂಡು
ಮಗ್ಗಲಾಗ್ತಾನ.
ಬೆಳಗಾದರ ಏನೂ ನೆನಪಿಲ್ಲ.

ತೋರಣಗಲ್ಲಿನ ದಾರ್ಯಾಗ, ಸ್ಟೇರಿಂಗ್ ಹಿಡದಾಗಲೇ
ಕಣ್ಣು ಮುಚ್ಚಿದ್ದು ಮಾತ್ರ ಹೇಳಿದ,
ಅನ್ನ ಕಲಸ್ತಾ,
ಯಾರದೋ ಸುದ್ದಿ ಹೇಳಿದಂಗ.

ಡಾಕ್ಟರು ಎಲ್ಲಾ ಬರಕೊಂಡು, ಕೊನಿಗೆ ಕೇಳಿದರು:
ನಿಮ್ಮ ನಿದ್ದಿ ಹೆಂಗೈತಮ್ಮ?

ನಂದಾ?
ಅದನ್ನ ಎಣಿಸಿಲ್ಲ, ಸರ.