ಎರಡೇ ಪದ

ರೂವಿಯ ಟೈಲ್ಸ್ ಅಂಗಡಿ. ಒಂದರಿಂದ ನಾಲ್ಕರವರೆಗೆ
ಶಟರ್ ಅರ್ಧಕ್ಕೆ ಇಳಿದಿರುತ್ತದೆ.
ಬಿಲ್ಲು ಹಾಕುವ ಹಳೆಯ ಕಂಪ್ಯೂಟರಿನಲ್ಲಿ
ಚಿತ್ರವೇ ಇಲ್ಲದ ಒಂದು ಆಟ:
ಕಪ್ಪು ಪರದೆ, ಹಸಿರು ಅಕ್ಷರ, ಒಂದು ಗುಹೆ.

ಅದಕ್ಕೆ ತಿಳಿಯುವುದು ಎರಡೇ ಪದ.
ದೀಪ ಹಚ್ಚು. ಬಾಗಿಲು ತೆರೆ. ಉತ್ತರಕ್ಕೆ ಹೋಗು.
ಮೂರನೆಯದು ಸೇರಿಸಿದರೆ
'ಅರ್ಥವಾಗಲಿಲ್ಲ' ಎನ್ನುತ್ತದೆ, ಸಿಟ್ಟಿಲ್ಲದೆ.

ನಾನೂ ಹೀಗೇ ಇದ್ದೇನೆ ಇಲ್ಲಿ, ಹನ್ನೊಂದು ವರ್ಷ:
ಮಾಫಿ ಮುಶ್ಕಿಲ್. ಬುಕ್ರಾ ತಾಲ್.
ಅರ್ಬಾಬ್ ಖಲ್ಫಾನರ ಹೆಂಡತಿ ತೀರಿಕೊಂಡ ವಾರ
ಅವರೆದುರು ನಿಂತೆ. ಹೇಳಬೇಕಾದದ್ದೆಲ್ಲ ಗಂಟಲಲ್ಲಿ;
ಬಾಯಿಗೆ ಬಂದದ್ದು, 'ಚಾಯ್ ಜೀಬ್?'
ತಲೆಯಾಡಿಸಿದರು.
ಸಕ್ಕರೆ ಎರಡು ಚಮಚ ಹೆಚ್ಚೇ ಹಾಕಿದ್ದೆ.

ಇವತ್ತು ಗುಹೆಯಿಂದ ಹೊರಬಿದ್ದೆ.
ನಲವತ್ತು ನಿಮಿಷ; ನೂರಕ್ಕೆ ತೊಂಬತ್ತೈದು.
ಮಿಕ್ಕ ಐದು ಯಾವ ಕೋಣೆಯಲ್ಲಿದ್ದವೋ,
ಏನನ್ನು ನೋಡದೆ ದಾಟಿಬಿಟ್ಟೆನೋ.

'ಮತ್ತೆ ಆಡುವಿರಾ?' ಕೇಳುತ್ತಿದೆ ಪರದೆ.
ಹೊರಗೆ ಶಟರಿಗೆ ಕೀಲಿಗೊಂಚಲು ತಾಗಿದ ಸದ್ದು.
ಅವರೇ.
ಮೂರನೆಯ ಪದ ಹುಡುಕುತ್ತಾ
ಏಳುತ್ತೇನೆ.