ಕಾವಲು ಗೋಪುರಕ್ಕೆ ಕಪ್ಪು ಬಣ್ಣ

ಪುಷ್ಯದ ಚಳಿಗೆ ಡಬ್ಬಿಯೊಳಗೆ ಬಣ್ಣವೂ ಮುದುಡಿ ಕೂತಿದೆ.
ನಾಲ್ಕು ಪುರಲೆ ಒಟ್ಟಿ, ಬೆಂಕಿ ಹಾಕಿ, ಕಾಯಿಸಿದೆ.
ಹಿನ್ನೀರಿನ ಏರಿಯ ಮೇಲೆ ಐವತ್ತೆರಡು ಮೆಟ್ಟಿಲಿನ ಗೋಪುರ;
ಇಪ್ಪತ್ತಾರನೇ ತಾರೀಖಿನೊಳಗೆ ಕಲ್ಲಿನ ಅಕ್ಷರಕ್ಕೆ
ಕಪ್ಪು ತುಂಬಬೇಕೆಂದು ಸಾಗರದ ಆಫೀಸಿನಿಂದ ಫೋನು.
ಅಕ್ಷರಕ್ಕೆ ಎರಡೂವರೆ ರೂಪಾಯಿ. ಒತ್ತಕ್ಷರಕ್ಕೆ ಬೇರೆ ಲೆಕ್ಕವಿಲ್ಲ.

'ಮಾನ್ಯ' ಎಂಬುದಕ್ಕೆ ಪಾಚಿ. ಹೆಸರಿದ್ದ ಕಡೆ
ಚಕ್ಕೆ ಎದ್ದು ಹೋಗಿದೆ. ಅದರ ಮುಂದಿನ
'ಅವರ ಅಮೃತಹಸ್ತದಿಂದ' ಮಾತ್ರ ನೆಟ್ಟಗಿದೆ.
ಯಾರದೋ ಕೈ, ಮೊಣಕೈಯಿಂದಾಚೆ ಆಳಿಲ್ಲ.
ತುಂಬಿದೆ. ಇದ್ದದ್ದನ್ನು ಕಾಣಿಸುವುದಷ್ಟೇ ನನ್ನ ಕೆಲಸ.

ಮೇಲೆ ಹೋದದ್ದು ಬಿಸಿಲು ಹುಡುಕಿ. ಬಿಸಿಲಿರಲಿಲ್ಲ.
ನೀರೂ ಇರಲಿಲ್ಲ, ಆಚೆ ದಡವೂ;
ಏರಿಯ ಎರಡೂ ಕಡೆ ಸುಣ್ಣ ಬಳಿದಿತ್ತು ಮಂಜು.
ಕಿಟಕಿಯ ಪಕ್ಕ, ಗೋಡೆಯ ಮೇಲೆ, ಪೆನ್ಸಿಲ್ಲಿನಲ್ಲಿ
ಒಂದು ಕೈಬರಹ. ನೆಲಕ್ಕೆ ಕೂತು ಬರೆದದ್ದು.

ಗುತ್ಯಪ್ಪ. ರಾತ್ರಿ ಪಾಳಿ. ಎಲ್ಲ ಸರಿ ಇದೆ.
ಗುತ್ಯಪ್ಪ. ರಾತ್ರಿ ಪಾಳಿ. ಎಲ್ಲ ಸರಿ ಇದೆ.
ಏರಿ ಒಸರಿಲ್ಲ. ಸರಿ ಇದೆ.
ಸರಿ ಇದೆ. ಬೀಡಿ ಮುಗಿಯಿತು.

'ಸ' ಅಕ್ಷರದ ಹೊಟ್ಟೆ ವರ್ಷದಿಂದ ವರ್ಷಕ್ಕೆ ಸಣ್ಣಗಾಗಿ
ಕೊನೆಗೆ ಬರೀ ಗೀಟು, ಗೀಟು, ಗೀಟು,
ಗೋಡೆಯ ಮೂಲೆ ತಿರುಗಿ ಮುಂದಕ್ಕೆ.

ತುರು ಕಾದು ಸತ್ತವನಿಗೆ ವೀರಗಲ್ಲುಂಟು,
ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದೆಯೇ ಮೂರಿವೆ,
ಒಂದಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರೆ.
ನೀರು ಕಾದು, ಸಾಯದೆ, ಬೆಳಗಾದ ಮೇಲೆ
ಕಂಬಳಿ ಕೊಡವಿ ಮನೆಗೆ ಹೋದವನಿಗೆ
ಯಾವ ಕಲ್ಲು?

ಒಂದು ಸಾಲು ಮಾತ್ರ ಬೇರೆ:
ಮಂಜು. ಕಾಣಲಿಲ್ಲ. ಕೇಳಿದೆ.

ನಾನೂ ಕೇಳಿದೆ. ಕೆಳಗೆಲ್ಲೋ ನೀರು
ನಾಯಿ ಅಂಗೈ ನೆಕ್ಕುವ ಹಾಗೆ ಕಲ್ಲನ್ನು ನೆಕ್ಕುತ್ತಿತ್ತು.
ದೂರ ಲಾಂಚಿನ ಹಾರ್ನು, ಒಂದೇ ಸಲ. ಆಮೇಲೆ
ನನ್ನದೇ ಮೂಗಿನ ಉಸಿರು.

ಬ್ರಷ್ಷಿನಲ್ಲಿ ಕಪ್ಪು ಉಳಿದಿತ್ತು. ಆ ಸಾಲಿನ ಮೇಲೆ
ಎಳೆಯಲು ಕೈ ಎತ್ತಿ ಇಳಿಸಿದೆ. ನನ್ನ ಅಕ್ಷರ ದಪ್ಪ,
ಅವನ ರಾತ್ರಿ ಮುಚ್ಚಿಹೋದೀತು.
ಮೂಲೆಯಾಚೆ, ಕೊನೆಯ ಗೀಟಿನ ಪಕ್ಕ
ಒಂದು ಗೀಟು ಹಾಕಿದೆ. ಸ್ವಲ್ಪ ಓರೆಯಾಯಿತು; ಚಳಿ.

ಇಳಿಯುವಾಗ ಮೆಟ್ಟಿಲು ಎಣಿಸಿದರೆ ಐವತ್ತೊಂದು.
ಮತ್ತೆ ಹತ್ತಿ ನೋಡಲು ಯಾರಿಗೆ ಪುರಸೊತ್ತು.
ಬೆಂಕಿ ಆರಿತ್ತು. ಸ್ಕೂಟರು ಹತ್ತು ಕಿಕ್ಕಿಗೂ ಏಳಲಿಲ್ಲ.