ಕಳೆಯ ಲೆಕ್ಕ

ಗಣಿತದ ಮೇಷ್ಟ್ರಿಗೆ ತೋಟ ಯಾಕೆ ಗಂಟುಬಿತ್ತೆಂದರೆ
ಗುರುವಾರ ನಾಲ್ಕನೇ ಪೀರಿಯಡ್ಡು ನನಗೆ ಖಾಲಿಯಿತ್ತು, ಅಷ್ಟೆ.
ಬುಂಗೋಮಾದ ಕಚೇರಿಯಿಂದ ಒಂದು ಚಿತ್ರಪಟ ಬಂತು:
ಎಲೆಕೋಸು, ಸಾಲಿನಿಂದ ಸಾಲಿಗೆ ಎರಡಡಿ,
ಕೆಳಗೊಂದು ನಗುವ ಮಗು, ಹಲ್ಲೆಲ್ಲ ಬೆಳ್ಳಗೆ.

ಹಗ್ಗ ಹಿಡಿದು ಅಳೆದೆವು.
ಕಬ್ಬಿನ ಲಾರಿ ಹೋದಾಗೆಲ್ಲ ಮಕ್ಕಳು ತಿರುಗಿ ನೋಡಿ
ಹಗ್ಗ ಡೊಂಕಾಗಿ, ಮತ್ತೆ ಅಳೆದೆವು.
ಮನೆಯಿಂದ ತಲೆಗೊಂದು ಕ್ಯಾನು ನೀರು;
ಖಯೆಂಬ ದಾರಿಯಲ್ಲಿ ಅರ್ಧ ಚೆಲ್ಲಿ, ಉಳಿದರ್ಧ ಕುಡಿದು,
ಖಾಲಿ ಕ್ಯಾನು ತೋರಿಸಿ ಹಾಜರಿ ಹಾಕಿಸಿಕೊಂಡ.

ಮಳೆ ಹಿಡಿಯಿತು. ಕೋಸು ಗಡ್ಡೆ ಕಟ್ಟುವ ಮೊದಲೇ
ಹುಳ ಬಂದು ಎಲೆಗಳಲ್ಲಿ ಸೊನ್ನೆ ಬರೆದವು,
ನನ್ನ ಒಂದನೇ ಕ್ಲಾಸಿನವರಿಗಿಂತ ದುಂಡಗೆ.
ಸಾಲುಗಳ ನಡುವೆ,
ಯಾರೂ ಬಿತ್ತದ, ಯಾರೂ ಅಳೆಯದ ಜಾಗದಲ್ಲಿ
ಗಣಿಕೆ ಸೊಪ್ಪು ಎದ್ದಿತು. ಮೊಣಕಾಲೆತ್ತರ.

"ಕಳೆ. ಕಿತ್ತುಹಾಕಿ," ಅಂದೆ.
ಕಳೆ ಅಂದರೆ ಕಳೆಯಬೇಕಾದ್ದು. ಇಷ್ಟು ನನ್ನ ವಿದ್ಯೆ.

ನೆಲಿಮಾ ಕಿತ್ತಳು. ಎಸೆಯಲಿಲ್ಲ.
ಬೇರಿನ ಮಣ್ಣು ಕೊಡವಿ, ಯೂನಿಫಾರ್ಮಿನ ಲಂಗದಲ್ಲಿ ತುಂಬಿಕೊಂಡು
ಸೀದಾ ಅಡುಗೆಮನೆಗೆ ನಡೆದಳು.
ಹೊಗೆಯೊಳಗಿಂದ ನಸಂಬು ಸೊಪ್ಪನ್ನು ನೋಡಿದಳು,
ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು:
"ಮೇಷ್ಟ್ರೇ, ನಿಮ್ಮನ್ನು ಏನು ಹಾಕಿ ಸಾಕಿದರು?"

ಮೊದಲ ನೀರು ಚೆಲ್ಲಬೇಕಂತೆ. ಎರಡನೆಯದರಲ್ಲಿ ಬೇಯಬೇಕಂತೆ.
ಆಮೇಲೆ ಹಾಲು. ಆಮೇಲೆ ರಾತ್ರಿಯಿಡೀ
ಮಡಕೆಯನ್ನು ಅದರ ಪಾಡಿಗೆ ಬಿಡಬೇಕಂತೆ.
ಮಕ್ಕಳು ಒಲೆಯ ಸುತ್ತ ಕೂತು ಕೇಳಿದರು.
ಭಿನ್ನರಾಶಿ ಹೇಳುವಾಗ ಇಂಥ ಮೌನ ನಾನು ಕಂಡಿದ್ದಿಲ್ಲ.

ಮರುದಿನ ಮೆಕ್ಕೆಜೋಳದ ಮುದ್ದೆಯ ಪಕ್ಕ ಒಂದೊಂದು ಸೌಟು.
ಕಹಿ. ಖಯೆಂಬ ಉಗಿದ.
ನಾನು ದೊಡ್ಡವನು, ನುಂಗಿದೆ.
ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಒಂದು ಮಡಕೆ ಉಳಿಯಿತು:
ಪೇಟೆಯ ನೆಂಟರು ಬಂದ ದಿನ
ಅವ್ವ ಕಾಲಿನಿಂದ ಮಂಚದಡಿ ತಳ್ಳುತ್ತಿದ್ದದ್ದು.

ಮೂರನೇ ವಾರ ಖಯೆಂಬನ ಕ್ಯಾನು ತುಂಬಿ ಬಂತು.
ಕೋಸಿಗೆ ಹುಯ್ಯಲಿಲ್ಲ. ನಡುವಿನ ಜಾಗಕ್ಕೆ ಹುಯ್ದ.
ತಿಂದನೋ ಇಲ್ಲವೋ, ನಾನು ಕೇಳಲಿಲ್ಲ.

ಕಚೇರಿಯ ಫಾರಂ ಮೇಜಿನ ಮೇಲಿದೆ.
ಎಲೆಕೋಸು: ಹನ್ನೊಂದು.
ತೆಗೆದ ಕಳೆ: ಎಷ್ಟು ಕಿಲೋ?
ಕಿಟಕಿಯಾಚೆ ನೆಲಿಮಾ ಚಿಕ್ಕವರಿಗೆ
ಕುಡಿ ಎಲ್ಲಿ ಚಿವುಟಬೇಕು, ಎಲ್ಲಿ ಬಿಡಬೇಕು ತೋರಿಸುತ್ತಿದ್ದಾಳೆ,
ಮುಖದ ತುಂಬ ಕಳೆ.
ಪೆನ್ನು ಆ ಕಾಲಮ್ಮಿಗೆ ಬಂದು ನಿಂತಿದೆ.
ಗಂಟೆ ಹೊಡೆಯಿತು. ಊಟ.